ಪಡುಗೋಡೆಯ ಎರಚಲು: ಕ್ಯಾಂಪಸ್ ಗ್ರಂಥಾಲಯವೊಂದರ ಪ್ರಕರಣ

ಕರಾವಳಿಯ ಒಂದು ವಿಶ್ವವಿದ್ಯಾಲಯ. ಸರ್ಕಾರಿಯೋ ಖಾಸಗಿಯೋ ಎಂಬುದು ಇಲ್ಲಿ ಬೇಡ. ಊರು, ವರ್ಷ, ಹುದ್ದೆಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಗುಡ್ಡದ ನೆತ್ತಿಯ ಮೇಲೆ 1990ರ ದಶಕದಲ್ಲಿ ಕಟ್ಟಿದ ಮೂರಂತಸ್ತಿನ ಗ್ರಂಥಾಲಯ. ಕಾಂಕ್ರೀಟ್ ಕಂಬ-ಬೀಮುಗಳ ನಡುವೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಅದರ ಮೇಲೆ ಸಿಮೆಂಟ್ ಗಾರೆ, ಸಪಾಟು ತಾರಸಿ. ಉದ್ದನೆಯ ಗೋಡೆ ಪಡುವಣಕ್ಕಿದೆ; ಅದಕ್ಕೆ ಅಡ್ಡವಾಗಿ ಮರವೂ ಇಲ್ಲ, ಇನ್ನೊಂದು ಕಟ್ಟಡವೂ ಇಲ್ಲ. ಸಂಜೆ ಹೊತ್ತು ಕಿಟಕಿಯಲ್ಲಿ ಕಡಲು ಕಾಣುತ್ತದೆ. ನಕ್ಷೆ ಮಾಡಿದವರು ಜಾಗ ನೋಡಲು ಬಂದದ್ದು ಬೇಸಿಗೆಯಲ್ಲೇ ಇರಬೇಕು.

ಆ ಕ್ಯಾಂಪಸ್ಸಿನ ಕಟ್ಟಡಗಳ ನಿರ್ವಹಣೆ ನನ್ನ ಪಾಲಿನ ಕೆಲಸವಾಗಿತ್ತು. ಮಾಡು, ಗೋಡೆ, ಕಿಟಕಿ, ಸಜ್ಜಾ ಎಲ್ಲ ಸೇರಿದ ಹೊರಮೈ ಚೆನ್ನಾಗಿದೆಯೇ, ಎಷ್ಟು ವರ್ಷ ಬಾಳೀತು ಎಂದು ನೋಡುವುದು. ಹೇಳಲು ದೊಡ್ಡ ಕೆಲಸ. ಮಾಡುವಾಗ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ‘ಸರ್, ಸೋರುತ್ತಿದೆ’ ಎಂಬ ಫೋನುಗಳಿಗೆ ಉತ್ತರ ಕೊಡುವ ಕೆಲಸ. ಇಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ.

ಗ್ರಂಥಾಲಯದ ಮೂರನೇ ಮಹಡಿ ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ ಸೋರುತ್ತಿತ್ತು. ನೀರು ಕಾಣಿಸುತ್ತಿದ್ದದ್ದು ಸ್ಲ್ಯಾಬಿನ ಅಡಿಯಲ್ಲಿ, ಫ್ಯಾನ್ ತೂಗುವ ಕೊಕ್ಕೆಯ ಸುತ್ತ, ಮತ್ತೆ ಪಡುಗೋಡೆ ಸ್ಲ್ಯಾಬನ್ನು ಮುಟ್ಟುವ ಅಂಚಿನಲ್ಲಿ. ಸ್ಲ್ಯಾಬಿನಿಂದ ನೀರು ಬಂದರೆ ಯಾರಾದರೂ ಏನು ಹೇಳುತ್ತಾರೆ? ತಾರಸಿ ಹಾಳಾಗಿದೆ. ಹಾಗಾಗಿ ತಾರಸಿಗೆ ಮೂರು ಸಲ ವಾಟರ್‌ಪ್ರೂಫಿಂಗ್ ಆಯಿತು. ಮೊದಲ ಸಲ ರಾಸಾಯನಿಕ ಲೇಪ. ಎರಡನೇ ಸಲ ಇಟ್ಟಿಗೆ ಚೂರು ಹಾಸಿ, ನೀರು ಹರಿದುಹೋಗಲು ವಾಟ (ಇಳಿಜಾರು) ಕೊಟ್ಟು, ಮೇಲೆ ಸಿಮೆಂಟ್. ಮೂರನೇ ಸಲ, ನನ್ನ ಸಹಿಯಲ್ಲಿ, ಬೆಂಕಿ ಹಿಡಿದು ಅಂಟಿಸುವ ಬಿಟುಮೆನ್ ಹಾಳೆ. ಮೂರಕ್ಕೂ ಗ್ಯಾರಂಟಿ ಪತ್ರವಿತ್ತು. ಮೂರನೆಯದಾದ ಮೇಲಿನ ಮಳೆಗಾಲದಲ್ಲಿ ಸೋರಿಕೆ ನಿಜವಾಗಿಯೂ ಕಡಿಮೆಯಾಯಿತು, ನಾನು ಮೀಸೆ ತಿರುವಿದೆ. ಮರುವರ್ಷ ಆರಿದ್ರೆಯಲ್ಲಿ ಮತ್ತೆ ಬಕೆಟ್ಟುಗಳು ಸಾಲಾಗಿ ಕುಳಿತವು. ಹಾಳೆ ಹಾಕುವಾಗ ತಾರಸಿಯ ಅಂಚಿನ ಮೋಟುಗೋಡೆಯಾದ ಪ್ಯಾರಾಪೆಟ್‌ನ ಒಳಮೈಗೂ ಹೊಸ ಗಾರೆ ಬಳಿದಿದ್ದರು, ಒಂದು ವರ್ಷ ತಡೆದದ್ದು ಆ ಗಾರೆ. ಈ ಅರೆಬರೆ ಗೆಲುವು ನನ್ನನ್ನು ದಾರಿ ತಪ್ಪಿಸಿದಷ್ಟು ಯಾವ ಸೋಲೂ ತಪ್ಪಿಸಲಿಲ್ಲ.

ಇದರ ನಡುವೆ ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ ನಿಗದಿಯಾಯಿತು. ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ: ಪೇಂಟ್. ಸೆಪ್ಟೆಂಬರ್ ಕೊನೆಯಲ್ಲಿ, ನಾಲ್ಕು ತಿಂಗಳು ನೀರು ಕುಡಿದು ನಿಂತಿದ್ದ ಪಡುಗೋಡೆಗೆ ರಬ್ಬರಿನಂತೆ ಹಿಗ್ಗುವ, ನೀರು ಒಳಗೆ ಬಿಡದ ದುಬಾರಿ ಪೇಂಟ್ ಹೊಡೆಸಿದೆವು. ಗೋಡೆ ಒಣಗಿದೆಯೇ ಎಂದು ನಾನು ಅಳೆಯಲಿಲ್ಲ. ಅಳೆಯುವ ಮೀಟರ್ ನನ್ನ ಟೇಬಲ್ಲಿನ ಡ್ರಾಯರ್‌ನಲ್ಲೇ ಇತ್ತು. ಅಳೆದರೆ ‘ಬೇಡ’ ಎನ್ನಬೇಕಾಗುತ್ತದೆ ಎಂದು ಗೊತ್ತಿತ್ತು, ಬೇಡ ಎನ್ನುವ ಧೈರ್ಯ ಇರಲಿಲ್ಲ. ಫೋಟೋಗಳಲ್ಲಿ ಗೋಡೆ ಚೆನ್ನಾಗಿಯೇ ಬಂತು.

ಮುಂದಿನ ಜುಲೈಯಲ್ಲಿ ಆ ಗೋಡೆಯ ಮೇಲೆ ಪೂರಿಯಷ್ಟು ದೊಡ್ಡ ಗುಳ್ಳೆಗಳೆದ್ದವು. ಮಳೆ ಬಿಟ್ಟ ಒಂದು ಮಧ್ಯಾಹ್ನ ಸ್ಕೂಟರಿನ ಕೀಲಿಯಿಂದ ಒಂದನ್ನು ಚುಚ್ಚಿ ನೋಡಿದೆ. ಒಳಗಿಂದ ನೀರು ಮೊಣಕೈವರೆಗೆ ಇಳಿಯಿತು. ಹಿಂದೆಯೇ ಬಿಳಿ ಉಪ್ಪು, ಪುಡಿಯಾದ ಗಾರೆ. ಗೋಡೆಯೊಳಗೆ ನೀರು ಬೇರೆಲ್ಲಿಂದಲೋ ಬರುತ್ತಿತ್ತು, ಹೊರಗೆ ಆರಿಹೋಗಲು ಇದ್ದ ಒಂದೇ ದಾರಿಯನ್ನು ನಾವು ಪೇಂಟ್ ಬಳಿದು ಮುಚ್ಚಿದ್ದೆವು.

ಆಡಿಟ್ಟಿಗಾಗಿ ಬರೆದ ಪುಸ್ತಕ

ಮೊದಲ ಸುಳಿವು ಸಿಕ್ಕಿದ್ದು ಎಂಜಿನಿಯರಿಂಗಿನಿಂದಲ್ಲ, ಲೆಕ್ಕಪತ್ರದಿಂದ. ನೆನೆದು ಹಾಳಾದ ಪುಸ್ತಕಗಳನ್ನು ದಾಸ್ತಾನಿನಿಂದ ತೆಗೆಯಬೇಕಾದರೆ ಕಾರಣ ಕೊಡಬೇಕು. ಅದಕ್ಕಾಗಿ ಗ್ರಂಥಪಾಲಕಿ ಒಂದು ರಿಜಿಸ್ಟರ್ ಇಟ್ಟಿದ್ದರು: ದಿನಾಂಕ, ಆಕ್ಸೆಶನ್ ನಂಬರ್, ರ‍್ಯಾಕ್ ನಂಬರ್, ‘ಮಳೆನೀರಿನಿಂದ ಹಾನಿ’, ಸಹಿ. ಮೂರು ಮಳೆಗಾಲದ 58 ನಮೂದುಗಳು.

‘ಇದು ನಿಮಗೆ ಎಂತಕ್ಕೆ ಸರ್? ಆಡಿಟ್‌ನವರು ಕೇಳ್ತಾರೆ ಅಂತ ಬರೆದದ್ದು’ ಎಂದರು ಅವರು. ನಾನು ಮಹಡಿಯ ನಕ್ಷೆಯ ಜೆರಾಕ್ಸ್ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಒಂದೊಂದು ನಮೂದಿಗೂ ಒಂದೊಂದು ಚುಕ್ಕಿ ಇಡುತ್ತ ಹೋದೆ. 41 ಚುಕ್ಕಿ ಪಡುಗೋಡೆಗೆ ಒತ್ತಿದ ರ‍್ಯಾಕುಗಳಲ್ಲಿ. 9 ನಡುವೆ, ಫ್ಯಾನುಗಳ ಕೆಳಗೆ. ಉಳಿದ 8 ಬಡಗು ಮೂಲೆಯ ಎ.ಸಿ. ಕೋಣೆಯಲ್ಲಿ. ತಾರಸಿಯೇ ಕಾರಣವಾಗಿದ್ದರೆ ಚುಕ್ಕಿಗಳು ಮಹಡಿಯ ತುಂಬ ಹರಡಬೇಕಿತ್ತು, ಇಲ್ಲವೇ ತಾರಸಿಯ ವಾಟ ಹೋಗಿ ಸೇರುವ ಮೂಡುಬದಿಯಲ್ಲಿ ಕೂಡಬೇಕಿತ್ತು. ಮೂಡುಬದಿಯಲ್ಲಿ ಒಂದೂ ಇರಲಿಲ್ಲ.

ಆಮೇಲೆ ದಿನಾಂಕ. ಭೌತವಿಜ್ಞಾನ ವಿಭಾಗದ ಮಾಡಿನ ಮೇಲೆ ಮಳೆ, ಗಾಳಿ ದಾಖಲಿಸುವ ಉಪಕರಣವಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಲೆ ಕೆಟ್ಟಿತು. ದಿನಕ್ಕೆ 190 ಮಿ.ಮೀ. ಸುರಿದ ದಿನ ಒಂದೂ ನಮೂದಿಲ್ಲ; 60 ಮಿ.ಮೀ. ಬಿದ್ದ ದಿನ ಐದು. ಅಲ್ಲದೆ ಸೋಮವಾರಗಳಲ್ಲಿ ಗುಂಪುಗುಂಪಾಗಿ ಸೋರಿಕೆ. ಸೋಮವಾರದ ಗುಟ್ಟು ಬೇಗ ಬಿಟ್ಟಿತು: ಭಾನುವಾರ ರಜೆ, ಎರಡು ದಿನದ ಒದ್ದೆ ಸೋಮವಾರ ಕಣ್ಣಿಗೆ ಬೀಳುತ್ತದೆ. ಅದನ್ನು ಸರಿಪಡಿಸಿಕೊಂಡು ನೋಡಿದರೆ ಪಡುಗೋಡೆಯ ನಮೂದುಗಳು ಮಳೆಯ ಪ್ರಮಾಣವನ್ನು ಹಿಂಬಾಲಿಸಿರಲಿಲ್ಲ, ಗಾಳಿಯನ್ನು ಹಿಂಬಾಲಿಸಿದ್ದವು. 190 ಮಿ.ಮೀ. ಮಳೆ ನೆಟ್ಟಗೆ ಬಿದ್ದಿತ್ತು, 60 ಮಿ.ಮೀ. ಮಳೆ ಕಡಲ ಕಡೆಯಿಂದ ಅಡ್ಡ ಹೊಡೆದಿತ್ತು.

ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದಕ್ಕೆ ಎರಚಲು ಎಂಬ ಹೆಸರೇ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಹೋಗಿ ಹೆಂಚು ಬಂತು, ಆದರೆ ಗೋಡೆಯಿಂದಾಚೆ ಚಾಚಿದ ಇಳಿಮಾಡು ಹೋಗಲಿಲ್ಲ. ಸಪಾಟು ತಾರಸಿ ಬಂದಾಗ ನಾವು ಆ ಟೊಪ್ಪಿಯ ಅಂಚನ್ನೇ ಕತ್ತರಿಸಿದೆವು.

ತಾರಸಿಯನ್ನು ಬಿಟ್ಟುಕೊಟ್ಟದ್ದು

ಪಡುಗೋಡೆ ಅಪರಾಧಿ ಎಂದು ಹೇಳಬೇಕಾದರೆ ತಾರಸಿ ನಿರಪರಾಧಿ ಎಂದು ತೋರಿಸಬೇಕು. ಫೆಬ್ರವರಿಯಲ್ಲಿ ನೀರಿನ ಕೊಳವೆಗಳ ಬಾಯಿ ಕಟ್ಟಿ ತಾರಸಿಯ ಮೇಲೆ 5 ಸೆಂ.ಮೀ. ನೀರು ನಿಲ್ಲಿಸಿದೆವು, 48 ಗಂಟೆ. ಸ್ಲ್ಯಾಬ್ ತಡೆದೀತೇ ಎಂದು ಹಣಕಾಸು ಅಧಿಕಾರಿಗಳು ಹೆದರಿದರು. 5 ಸೆಂ.ಮೀ. ನೀರೆಂದರೆ ಚದರ ಮೀಟರಿಗೆ 50 ಕಿಲೋ. ಜನ ಓಡಾಡುವ ತಾರಸಿಗೆ ಕಟ್ಟಡ ಕೆಲಸದ ಭಾರತೀಯ ಮಾನಕ ಹೇಳುವ ಭಾರ ಅದರ ಸುಮಾರು ಮೂರು ಪಟ್ಟು. ಪಕ್ಕದಲ್ಲಿ ಒಂದು ಅಗಲ ತಪ್ಪಲೆಯಲ್ಲೂ ಅಷ್ಟೇ ಆಳ ನೀರಿಟ್ಟೆವು, ಬಿಸಿಲಿಗೆ ಆವಿಯಾದದ್ದೆಷ್ಟು ಎಂದು ತಿಳಿಯಲು. ಎರಡು ದಿನದ ಕೊನೆಗೆ ತಾರಸಿಯಲ್ಲೂ ತಪ್ಪಲೆಯಲ್ಲೂ ಇಳಿದದ್ದು ಒಂದೇ. ಕೆಳಗೆ ಒಂದು ಹನಿ ಇಲ್ಲ. ನಾನು ಸಹಿ ಹಾಕಿದ ಬಿಟುಮೆನ್ ಹಾಳೆ ಚೆನ್ನಾಗಿಯೇ ಇತ್ತು, ಅದರ ಅಗತ್ಯವೇ ಇರಲಿಲ್ಲವೇನೋ.

ಮರುದಿನ ಗೋಡೆಗೆ ನೀರು. ಕೆಳಗಿನಿಂದ ಮೇಲಕ್ಕೆ, ಒಂದೊಂದು ಪಟ್ಟಿಗೆ 20 ನಿಮಿಷ. ಮೇಲಿಂದ ಶುರುಮಾಡಿದರೆ ಇಳಿದ ನೀರು ಎಲ್ಲವನ್ನೂ ನೆನೆಸಿ, ಯಾವ ಬಿರುಕಿನಿಂದ ಒಳಹೋಯಿತು ಎಂಬುದೇ ತಿಳಿಯುವುದಿಲ್ಲ. ಒಳಗೆ ಟಾರ್ಚ್ ಹಿಡಿದು ನಾನು, ಹೊರಗೆ ಅಟ್ಟಳಿಗೆಯ ಮೇಲೆ ಪೈಪ್ ಹಿಡಿದು ಮೇಸ್ತ್ರಿ. ಕಿಟಕಿಯ ಕೆಳಗಿನ ಗೋಡೆ: ಏನಿಲ್ಲ. ಕಿಟಕಿ ಚೌಕಟ್ಟು: ಒಂದು ಮೂಲೆಯಲ್ಲಿ ತೇವ. ಬೀಮಿನ ಕೆಳಗೆ, ಮುರಕಲ್ಲು ಕಾಂಕ್ರೀಟನ್ನು ಮುಟ್ಟುವಲ್ಲಿ, ಕೂದಲೆಳೆಯ ಅಡ್ಡ ಬಿರುಕಿತ್ತು. ನೀರು ಬಿಟ್ಟ ಹದಿನೈದನೇ ನಿಮಿಷಕ್ಕೆ ಒಳಗಿನ ಗಾರೆ ಕಪ್ಪಾಗತೊಡಗಿತು. ಕಲ್ಲು, ಕಾಂಕ್ರೀಟ್ ಎರಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ, ಆ ಗೆರೆ ಒಡೆದೇ ಒಡೆಯುತ್ತದೆ.

ಪ್ಯಾರಾಪೆಟ್‌ನ ಹೊರಮೈಗೆ ನೀರು ಬಿಟ್ಟು ಹತ್ತು ನಿಮಿಷವಾಗಿರಬೇಕು, ನನ್ನ ಬೆನ್ನ ಹಿಂದೆ ಟಪ್ ಎಂದಿತು. ಗೋಡೆಯಿಂದ ನಾಲ್ಕು ಮೀಟರ್ ಒಳಗೆ, ಫ್ಯಾನ್ ಬಾಕ್ಸಿನಿಂದ. ಮೇಲೆ ಒಣ ತಾರಸಿ! ಎಲೆಕ್ಟ್ರಿಶಿಯನ್ ಬಂದು ಬಾಕ್ಸ್ ಬಿಚ್ಚಿದರೆ ಸ್ಲ್ಯಾಬಿನೊಳಗಿನ ವಯರ್ ಪೈಪಿನಲ್ಲಿ ನೀರು ಹರಿಯುತ್ತಿತ್ತು. ಆ ಪೈಪಿನ ಇನ್ನೊಂದು ಬಾಯಿ ಪ್ಯಾರಾಪೆಟ್‌ನ ಹೊರಗೆ, ಎಂದೋ ಒಂದು ಘಟಿಕೋತ್ಸವಕ್ಕೆ ದೀಪ ಹಾಕಲು ಕೂರಿಸಿದ ಜಂಕ್ಷನ್ ಬಾಕ್ಸಿನಲ್ಲಿ. ಅದರ ಮುಚ್ಚಳ ಹಾರಿಹೋಗಿ ಎಷ್ಟು ವರ್ಷವಾಗಿತ್ತೋ.

ಮೇಸ್ತ್ರಿ ಕೆಳಗಿಳಿದು ಬಂದು ಫ್ಯಾನನ್ನೇ ನೋಡಿದರು. ‘ಎಂತ ಸರ್ ಇದು, ಬಾಗಿಲು ಅಲ್ಲಿ, ಬೀಗ ಇಲ್ಲಿ ಹಾಕಿದ ಹಾಗಾಯ್ತಲ್ಲ’ ಎಂದರು. ಮೂರು ವಾಟರ್‌ಪ್ರೂಫಿಂಗ್‌ಗಳಲ್ಲಿ ಎರಡರ ಕೂಲಿ ಪಡೆದವರು ಅವರೇ. ನಾನು ನಗಲಿಲ್ಲ.

ಎ.ಸಿ. ಕೋಣೆಯ ಎಂಟು ಚುಕ್ಕಿಗಳ ಕಥೆ ಮಳೆಯದಲ್ಲವೇ ಅಲ್ಲ. ಮಳೆಗಾಲದಲ್ಲಿ 27 ಡಿಗ್ರಿ, ಶೇ. 90 ತೇವದ ಗಾಳಿ ಸುಮಾರು 25 ಡಿಗ್ರಿಯ ಮೇಲ್ಮೈ ಮುಟ್ಟಿದರೂ ಇಬ್ಬನಿ ಕಟ್ಟುತ್ತದೆ. ಆ ಕೋಣೆಯನ್ನು 20ಕ್ಕೆ ಇಟ್ಟು, ಬಾಗಿಲನ್ನು ಆಗಾಗ ತೆರೆದು, ಉಕ್ಕಿನ ರ‍್ಯಾಕುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ರ‍್ಯಾಕುಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಎ.ಸಿ.ಯನ್ನು 25ಕ್ಕೆ ಏರಿಸಿ, ತೇವ ಹೀರುವ ಯಂತ್ರ ಇಟ್ಟದ್ದಷ್ಟೇ, ಬೂಸಲು ನಿಂತಿತು.

ಸಜ್ಜಾಗಳು

ಅದೇ ಬೇಸಿಗೆಯಲ್ಲಿ ಎರಡನೇ ಮಹಡಿಯ ಸಜ್ಜಾದ ಅಡಿಯಿಂದ ತಟ್ಟೆಯಗಲದ ಕಾಂಕ್ರೀಟ್ ಚಕ್ಕೆ ಕಳಚಿ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟ್ ಹರಿಯಿತು. ಸೀಟಿನ ಮೇಲೆ ಯಾರೂ ಇರಲಿಲ್ಲ. ಅಂದು ಸಂಜೆಯೇ ಪಡುಬದಿಯ ಕಾಲುದಾರಿಗೆ ಹಗ್ಗ ಕಟ್ಟಿಸಿದೆ. ವಿದ್ಯಾರ್ಥಿಗಳು ಬೈದುಕೊಂಡು ಸುತ್ತಿ ಹೋದರು; ಹಗ್ಗ ತೆಗೆಯಿರಿ ಎಂಬ ಮೌಖಿಕ ಸೂಚನೆಯೂ ಮೇಲಿನಿಂದ ಬಂತು. ಲಿಖಿತದಲ್ಲಿ ಕೊಡಿ ಎಂದೆ, ಬರಲಿಲ್ಲ.

ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿ ನೋಡಿದೆವು. ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿಯಾಗಬೇಕು. ಕಂಬಿಯವರೆಗೂ ಬಣ್ಣವೇ ಏರಲಿಲ್ಲ. ಕ್ಷಾರ ಹೋದ ಮೇಲೆ ಕಂಬಿಗೆ ರಕ್ಷಣೆಯಿಲ್ಲ, ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಎಷ್ಟೋ ಕಡೆ 15 ಮಿ.ಮೀ. ಕಟ್ಟಿದ ಕಾಲಕ್ಕೆ ಅದು ತಪ್ಪಲ್ಲ, 1978ರ ಮಾನಕ ಸ್ಲ್ಯಾಬಿಗೆ ಅಷ್ಟನ್ನು ಒಪ್ಪುತ್ತಿತ್ತು. ಅದೇ ಕಾಂಕ್ರೀಟ್ ಮಾನಕದ 2000ದ ಆವೃತ್ತಿ (ಐಎಸ್ 456) ಜಡಿಮಳೆಗೆ ಒಡ್ಡಿಕೊಂಡ, ಪದೇಪದೇ ನೆನೆದು ಒಣಗುವ ಕಾಂಕ್ರೀಟಿಗೆ 45 ಮಿ.ಮೀ. ಕೇಳುತ್ತದೆ.

ಮೊದಲು ಎರಡು ಸಜ್ಜಾಗಳನ್ನು ವಾಡಿಕೆಯಂತೆ ರಿಪೇರಿ ಮಾಡಿಸಿದೆವು: ಸಡಿಲಾದದ್ದನ್ನು ಕೆತ್ತಿ, ಮೇಲೆ ಸಿಮೆಂಟ್ ಮೆತ್ತುವುದು. ಮೆತ್ತಿದ್ದು ನೋಡನೋಡುತ್ತಲೇ ಮತ್ತೆ ಬಿರಿಯಿತು. ಕಂಬಿಯ ಹಿಂಬದಿಯ ತುಕ್ಕು ಹಾಗೇ ಇತ್ತು. ಮೂರನೆಯದರಲ್ಲಿ ಕಂಬಿಯ ಹಿಂದಿನವರೆಗೂ ಒಡೆಸಿದಾಗ ನಿಜವಾದ ಗಾಬರಿ ಕಾದಿತ್ತು. ಗೋಡೆಯಿಂದ ಹೊರಚಾಚುವ ಸಜ್ಜಾದಲ್ಲಿ ಮುಖ್ಯ ಕಂಬಿ ಮೇಲ್ಮೈಯ ಹತ್ತಿರ ಇರಬೇಕು. ಇಲ್ಲಿ ಅದು ಅಡಿಯಲ್ಲಿತ್ತು. ಕಾಂಕ್ರೀಟ್ ಹಾಕಿದ ದಿನ ಕೆಲಸದವರು ಕಂಬಿಯ ಮೇಲೆ ನಡೆದಾಡಿ ತುಳಿದು ಕೂರಿಸಿದ್ದರು. ಇಷ್ಟು ವರ್ಷ ನಿಂತದ್ದೇ ಪುಣ್ಯ. ಒಂದೊಂದನ್ನೂ ತಪಾಸಣೆ ಮಾಡಿಸಿ, ಏಳು ಸಜ್ಜಾಗಳನ್ನು ರಿಪೇರಿಯ ಪಟ್ಟಿಯಿಂದ ತೆಗೆದು ಕತ್ತರಿಸುವ ಪಟ್ಟಿಗೆ ಸೇರಿಸಿದೆ. ಎರಚಲೇ ಸಮಸ್ಯೆ ಎಂದು ಸಾಧಿಸಿದವನು ಎರಚಲು ತಡೆಯುವ ಸಜ್ಜಾವನ್ನೇ ಕತ್ತರಿಸುತ್ತಿದ್ದಾನೆ ಎಂದು ಕಟ್ಟಡ ಸಮಿತಿಯ ಸಭೆಯಲ್ಲಿ ಒಬ್ಬರು ಚುಚ್ಚಿದರು. ಮಾತು ಸರಿಯಾಗಿಯೇ ಇತ್ತು.

ಮಾರ್ಚ್ 31

ಪೇಂಟ್ ಕೆರೆಸಿ ಗೋಡೆಯನ್ನು ಬತ್ತಲೆ ಮಾಡಿದ್ದೆವು. ಅನುದಾನ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಲೇಪ ಮುಗಿಸಿ ಬಿಲ್ ಕೊಡಿ ಎಂದು ಹಣಕಾಸು ವಿಭಾಗ ಒತ್ತುತ್ತಿತ್ತು. ಈ ಸಲ ಮೀಟರ್ ಡ್ರಾಯರ್‌ನಿಂದ ಹೊರಬಂತು. ಗೋಡೆಯ ಹೊರಪದರ ಆರಿತ್ತು, ಬೀಮಿನ ಕೆಳಗೆ ಒಳಗೆಲ್ಲ ಇನ್ನೂ ಹಸಿ. ಲೇಪ ಹಾಕಿದರೆ ಹಿಂದಿನ ಕಥೆಯೇ. ಹಾಕುವುದಿಲ್ಲ ಎಂದು ಬರೆದುಕೊಟ್ಟೆ, ಅಂಕಿಗಳ ಸಮೇತ. ಬೀಮಿನ ಬಿರುಕಿಗೆ ತಂತಿ ಬಲೆ ಹೊಡೆದು ಗಾರೆ ಹಾಕುವುದು, ಪ್ಯಾರಾಪೆಟ್‌ನ ನೆತ್ತಿಗೆ ತಾರಸಿಯ ಕಡೆ ವಾಟ ಕೊಟ್ಟು ಕಲ್ಲುಚಪ್ಪಡಿ ಕೂರಿಸುವುದು, ಜಂಕ್ಷನ್ ಬಾಕ್ಸ್ ಕಿತ್ತು ಪೈಪಿನ ಬಾಯಿ ಮುಚ್ಚುವುದು, ಸಜ್ಜಾಗಳನ್ನು ಕತ್ತರಿಸುವುದು, ಇಷ್ಟನ್ನು ಆ ವರ್ಷದ ಲೆಕ್ಕಕ್ಕೆ ತಂದು ಉಳಿದ ಹಣವನ್ನು ಹೋಗಲು ಬಿಟ್ಟೆವು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೈಗುಳ ತಂದ ನಿರ್ಧಾರ ಅದು. ಮತ್ತೊಮ್ಮೆ ಅದೇ ಜಾಗಕ್ಕೆ ಬಂದರೆ ಅದನ್ನೇ ಮಾಡುತ್ತೇನೆ.

ಆದರೆ ಜೂನ್ ಯಾರಿಗೂ ಕಾಯುವುದಿಲ್ಲ. ಪೇಂಟಿಲ್ಲದ, ಸಜ್ಜಾವಿಲ್ಲದ ಪಡುಗೋಡೆ. ಪ್ಲಾಸ್ಟಿಕ್ ಶೀಟ್ ಹೊದಿಸೋಣವೆಂದರೆ ಮೇಸ್ತ್ರಿ ತಲೆಯಾಡಿಸಿದರು: ‘ಗಾಳಿಗೆ ನಿಲ್ಲುವುದಿಲ್ಲ ಸರ್, ಬೆವರುತ್ತದೆ ಬೇರೆ. ನಮ್ಮ ಮನೆಯಲ್ಲಿ ಅಪ್ಪ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಕಟ್ಟಿ ನೋಡುವನಾ?’ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತೆಂಗಿನ ಮಡಲಿನ ತಟ್ಟಿ! ಬೇರೆ ದಾರಿ ಇರಲಿಲ್ಲ, ಒಪ್ಪಿದೆ. ಅಡಿಕೆ ಮರದ ಅಟ್ಟಳಿಗೆ ಕಟ್ಟಿ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಮೂರನೇ ಮಹಡಿಯ ಉದ್ದಕ್ಕೂ ಹೆಣೆದ ಮಡಲು. ಮಕ್ಕಳು ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಪ್ರಾಧ್ಯಾಪಕರೊಬ್ಬರು ‘ಶೇಂದಿ ಅಂಗಡಿ ಯಾವಾಗ ಉದ್ಘಾಟನೆ?’ ಎಂದು ಕೇಳಿದರು.

ಆ ಮಳೆಗಾಲ ರಿಜಿಸ್ಟರಿನಲ್ಲಿ ಪಡುಗೋಡೆಯ ನಮೂದು ನಾಲ್ಕು. ಪುನರ್ವಸುವಿನಲ್ಲಿ ಗಾಳಿ ಜೋರಾಗಿದ್ದ ಒಂದು ದಿನ ತಟ್ಟಿಯ ಹಿಂದಕ್ಕೆ ಹೋಗಿ ನಿಂತೆ. ಮಡಲಿನ ಮುಂಬದಿ ಕೊಡದಿಂದ ಸುರಿದಂತೆ ನೀರು. ಹಿಂದೆ ನನ್ನ ಕನ್ನಡಕದ ಮೇಲೆ ತುಂತುರು ಮಾತ್ರ. ಗೋಡೆ ಮುಟ್ಟಿದರೆ ತಣ್ಣಗಿತ್ತು, ಒದ್ದೆಯಾಗಿರಲಿಲ್ಲ. ಸಂದಿಯಲ್ಲಿ ಗಾಳಿ ಸರಾಗ ಆಡುತ್ತಿತ್ತು. ಅಲ್ಲಿಯವರೆಗೂ ನನ್ನ ಎಸ್ಟಿಮೇಟ್ ‘ಗೋಡೆಗೆ ಯಾವ ಲೇಪ’ ಎಂಬ ಪ್ರಶ್ನೆಯ ಸುತ್ತಲೇ ಇತ್ತು. ಗೋಡೆಗೆ ನೀರು ತಾಗದಂತೆ ಮಾಡಿದರೆ ಲೇಪದ ಮಾತು ಎರಡನೆಯದಾಗುತ್ತದೆ ಎಂದು ಆ ತಟ್ಟಿಯ ಹಿಂದೆ ನಿಂತಾಗ ಹೊಳೆಯಿತು.

ಶಾಶ್ವತ ಕೆಲಸ ಅದರ ನಕಲೇ. ಪ್ಯಾರಾಪೆಟ್‌ನ ಕೆಳಗಿನಿಂದ 1.2 ಮೀಟರ್ ಚಾಚಿದ ಲೋಹದ ಇಳಿಮಾಡು, ಅದರ ಕೆಳಗೆ ಗೋಡೆಯಿಂದ ಒಂದಡಿ ಬಿಟ್ಟು ಓರೆ ಪಟ್ಟಿಗಳ ಅಲ್ಯೂಮಿನಿಯಂ ತಟ್ಟಿ. ಮಾನಕದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ಲೆಕ್ಕದಲ್ಲಿ, ಮುರಕಲ್ಲಿಗಲ್ಲ, ಕಾಂಕ್ರೀಟ್ ಕಂಬಗಳಿಗೆ ಮಾತ್ರ ಬೋಲ್ಟ್. ಇಡೀ ಕಟ್ಟಡಕ್ಕೇ ಶೀಟಿನ ಮಾಡು ಹಾಕಿಬಿಡಿ ಎಂಬ ಸಲಹೆಯೂ ಇತ್ತು. ಕರಾವಳಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ, ನನಗೂ ಮನಸ್ಸಿತ್ತು. ಆದರೆ ಸೋರದ ತಾರಸಿಗೆ ನಾಲ್ಕನೇ ಸಲ ದುಡ್ಡು ಸುರಿಯುವುದನ್ನು ಸಮರ್ಥಿಸುವ ಮುಖ ನನಗಿರಲಿಲ್ಲ. ಗೋಡೆಗೆ, ಎರಡನೇ ಬೇಸಿಗೆ ಪೂರ್ತಿ ಆರಿದ ಮೇಲೆ, ನೀರನ್ನು ಜಾರಿಸಿ ಆವಿಯನ್ನು ಹೊರಬಿಡುವ ಸಿಲೇನ್ ದ್ರಾವಣ. ಬಣ್ಣವಿಲ್ಲ. ಗೋಡೆ ಹಳೆಯದಾಗಿ ಕಾಣುತ್ತದೆ ಎಂಬ ದೂರು ಈಗಲೂ ಇದೆ.

ಮುಂದಿನ ಎರಡು ಮಳೆಗಾಲ ಪಡುಗೋಡೆಯಲ್ಲಿ ಕ್ರಮವಾಗಿ ಮೂರು, ಒಂದು ನಮೂದು. ಆ ಮೂರೂ ಹೊಸ ತೂತಿನವು. ಸಿಸಿಟಿವಿ ಹಾಕಲು ಬಂದವರು ಹೊರಗಿನಿಂದ ಒಳಗೆ ಇಳಿಜಾರಾಗಿ ಗೋಡೆ ಕೊರೆದು ಕೇಬಲ್ ಎಳೆದಿದ್ದರು, ನೀರಿಗೆ ರತ್ನಗಂಬಳಿ ಹಾಸಿದಂತೆ. ಅದಾದ ಮೇಲೆ ನಮ್ಮ ವಿಭಾಗದ ಚೀಟಿಯಿಲ್ಲದೆ ಹೊರಗೋಡೆಗೆ ಡ್ರಿಲ್ ಹಿಡಿಯುವಂತಿಲ್ಲ ಎಂದು ಸುತ್ತೋಲೆ ಹೊರಟಿತು. ತೂತು ಹೊರಕ್ಕೆ ಇಳಿಜಾರಿರಬೇಕು, ಕೇಬಲ್ ಒಳಹೋಗುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು. ಕ್ಯಾಂಪಸ್ಸಿನಲ್ಲಿ ಇದಕ್ಕೆ ತೂತು ಪರ್ಮಿಟ್ ಎಂದು ಹೆಸರು. ಅರ್ಧ ಜನ ಪಾಲಿಸುತ್ತಾರೆ. ಆ ಕೊನೆಯ ಒಂದು ನಮೂದು ಮೆಟ್ಟಿಲ ಪಕ್ಕದ ರ‍್ಯಾಕಿನದು, ಅದರ ನೀರು ಎಲ್ಲಿಂದ ಬಂತೆಂದು ಇನ್ನೂ ಪತ್ತೆಯಾಗಿಲ್ಲ. ಅಲ್ಲೊಂದು ಬಕೆಟ್ ಇದೆ.

ಅದೇ ವರ್ಷ ಗುಡ್ಡದ ಅದೇ ಅಂಚಿನಲ್ಲಿ ಹೊಸ ಸಂಶೋಧನಾ ಕಟ್ಟಡದ ನಕ್ಷೆ ನನ್ನ ಟೇಬಲ್ಲಿಗೆ ಬಂತು. ಪಡುವಣಕ್ಕೆ ಪೂರ್ತಿ ಗಾಜು. ಅಭಿಪ್ರಾಯ ಬರೆಯುವ ಬದಲು ರಿಜಿಸ್ಟರಿನ ಜೆರಾಕ್ಸನ್ನೂ ಚುಕ್ಕಿಯಿಟ್ಟ ನಕ್ಷೆಯನ್ನೂ ಕಡತಕ್ಕೆ ಲಗತ್ತಿಸಿ ಕಳಿಸಿದೆ. ‘ನೋಡಲಾಗಿದೆ’ ಎಂಬ ಷರಾದೊಂದಿಗೆ ಕಡತ ಮರಳಿತು. ತಿಂಗಳ ನಂತರ ಪರಿಷ್ಕೃತ ನಕ್ಷೆ ಬಂತು: ಗಾಜು ಹಾಗೆಯೇ ಇದೆ, ಅದರ ನೆತ್ತಿಯ ಮೇಲೆ ನಾಲ್ಕಡಿಯ ಇಳಿಮಾಡು ಬಂದಿದೆ.